ಬೆಂಗಳೂರಿನಲ್ಲಿ ಮೀನು ತಿನ್ನೋಕೆ ಹೊರಟ ನಮ್ಮೂರವರೇ, ಮೊದಲು ರೇಟು ಕೇಳಿ

ನಾನು ಅಂಕೋಲೆಯವನು. ಬಾಂಗಡೆ, ತಾರ್ಲೆ ತಿಂದೇ ಬೆಳೆದವನು. ಅಂಥವನು ಬೆಂಗಳೂರಿಗೆ ಹೋಗಿ ಮೀನಿನ ವಿಷಯದಲ್ಲೇ ಟೋಪಿ ಹಾಕಿಸಿಕೊಂಡು ಬಂದೆ ಅಂತ ಬರೆಯೋಕೆ ನಾಚಿಕೆಯೇ. ಆದರೂ ಬರೆಯುತ್ತಿದ್ದೇನೆ. ನಮ್ಮ ಕಡೆ ಮನೆಗೊಬ್ಬರು ಬೆಂಗಳೂರು ಸೇರಿದ್ದಾರೆ, ಅವರನ್ನು ನೋಡೋಕೆ ಹೋದವರು ಒಂದು ರಾತ್ರಿಯಾದರೂ ಹೀಗೆ ಹೊರಗೆ ಊಟಕ್ಕೆ ಹೋಗಿಯೇ ಹೋಗುತ್ತಾರೆ.

ನಾನು ಅಕ್ಕನ ಮನೆಗೆ ಹೋಗಿದ್ದು ಜುಲೈ ಎರಡನೇ ವಾರ. ಶುಕ್ರವಾರ ಸಂಜೆ ಪಂಚಗಂಗಾ ರೈಲು ಹತ್ತಿ ಶನಿವಾರ ಬೆಳಿಗ್ಗೆ ಯಶವಂತಪುರದಲ್ಲಿ ಇಳಿದೆ. ತಿನ್ನುವುದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಬೆಳಿಗ್ಗೆ ಮಲ್ಲೇಶ್ವರದ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ, ಸಂಜೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಮತ್ತೆ ದೋಸೆ. 1943ರ ಹೋಟೆಲು ಅದು. ಮುಕ್ಕಾಲು ಗಂಟೆ ಹೊರಗೆ ನಿಂತರೂ, ತಟ್ಟೆಗಳನ್ನು ಕೈ ತುಂಬ ಪೇರಿಸಿಕೊಂಡು ಬರುವ ಸಪ್ಲೈಯರನ್ನು ನೋಡಿದ ಮೇಲೆ ಬೇಜಾರೆಲ್ಲ ಹೋಯಿತು. ತಿಂದೆವು, ಬರೆದಷ್ಟು ದುಡ್ಡು ಕೊಟ್ಟೆವು, ಎದ್ದು ಬಂದೆವು.

ಎಡವಟ್ಟಾಗಿದ್ದು ರಾತ್ರಿ. "ಊರಿನ ಮೀನು ತಿನ್ನದೆ ಎಷ್ಟು ದಿನ ಆಯ್ತೋ" ಅಂತ ಅಕ್ಕ ಅಂದಳು. ಭಾವ ಯಾರೋ ಹೇಳಿದ್ದರು ಅಂತ ಒಂದು ಕರಾವಳಿ ಊಟದ ಹೋಟೆಲಿಗೆ ಕರೆದುಕೊಂಡು ಹೋದರು. ಹೆಸರು ಬೇಡ ಬಿಡಿ. ಗೋಡೆ ತುಂಬ ಬಲೆ, ದೋಣಿಯ ಹುಟ್ಟು, ಮಂದ ಬೆಳಕು. ಮೆನುವಿನಲ್ಲಿ ನೀರು ದೋಸೆಗೆ, ಅನ್ನಕ್ಕೆ ರೇಟು ಇದೆ, ಆದರೆ ಪಾಂಪ್ಲೆಟ್ ಮತ್ತು ಅಂಜಲ್ ಎದುರಿಗೆ ಮಾತ್ರ 'ಎಪಿಎಸ್' ಅಂತ ಮೂರು ಅಕ್ಷರ. ಅಂಜಲ್ ಅಂದರೆ ನಮ್ಮ ಇಸೋಣವೇ. ಎಪಿಎಸ್ ಅಂದರೆ ಮೀನಿನ ಸೈಜು ನೋಡಿ ರೇಟು. ಅಂದರೆ, ರೇಟು ಏನು ಅಂತ ತಿಂದ ಮೇಲೆ ಗೊತ್ತಾಗುತ್ತದೆ.

ಸಪ್ಲೈಯರ್ ಐಸ್ ಹಾಕಿದ ಟ್ರೇಯಲ್ಲಿ ಹಸಿ ಮೀನು ತಂದು ತೋರಿಸಿದ. ಪಾಂಪ್ಲೆಟ್‌ನ ಕಣ್ಣು ಒಳಗೆ ಹೋಗಿತ್ತು, ಮೇಲೆ ಬೂದಿ ಬಳಿದ ಹಾಗೆ ಮಬ್ಬು. ಸಂತೆಯಲ್ಲಿ ಅಮ್ಮ ಮಾಡುವ ಹಾಗೆ ಹೆಬ್ಬೆರಳಿಂದ ಕಿವಿರು ಎತ್ತಿ ನೋಡೋಣ ಅಂತ ಕೈ ಚಾಚಿದೆ. "ಸರ್, ಮುಟ್ಟಬೇಡಿ" ಅಂದ. ಆಮೇಲೆ ಅವನೇ, "ಈವತ್ತು ಬೆಳಿಗ್ಗೆ ಕಾರವಾರದಿಂದ ಬಂದಿದ್ದು ಸರ್, ಫ್ರೆಶ್" ಅಂದ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ನಾನು ಊರು ಬಿಡುವಾಗ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿದ್ದವು. ನಾಡದೋಣಿಯವರಿಗೆ ಸಿಕ್ಕಿದ್ದು ಊರಿಗೇ ಸಾಲುವುದಿಲ್ಲ. ಪೂರ್ವ ಕರಾವಳಿಯಲ್ಲಿ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ, ಹಾಗಾಗಿ ಆ ಕಡೆಯ ಮೀನೋ ಐಸಿನ ಮೀನೋ ಇರಬೇಕು. ಅದರಲ್ಲಿ ತಪ್ಪೇನಿಲ್ಲ, ಸುಮ್ನೆ ಹಾಗೆ ಹೇಳಿದ್ದರೆ ಸಾಕಿತ್ತು. ನಾನೂ ಅಷ್ಟೆ, "ಎಷ್ಟಪ್ಪಾ ಇದಕ್ಕೆ?" ಅಂತ ಒಂದು ಮಾತು ಕೇಳಬಹುದಿತ್ತು. ಅಕ್ಕ, ಭಾವ, ಸೊಸೆ ಎದುರಿಗೆ ಕೂತಿರುವಾಗ ರೇಟು ಕೇಳೋದು ಹೇಗೆ? ಕೇಳಲಿಲ್ಲ.

ಮೀನು ಬಂತು. ಮಸಾಲೆ ಚೆನ್ನಾಗಿತ್ತು, ಅದರ ಒಳಗಿನ ಮೀನು ಹಿಟ್ಟು ಹಿಟ್ಟು. ಅಕ್ಕ ಎರಡು ತುತ್ತು ತಿಂದು ಬದಿಗೆ ಸರಿಸಿದಳು. ಪಾಪ, ಏನೂ ಅನ್ನಲಿಲ್ಲ.

ಬಿಲ್ಲು ಬಂತು. ಇಲ್ಲಿಯೇ ನೋಡಿ ನಮ್ಮವರೆಲ್ಲ ಬೀಳುವುದು. "ನಾನು ಕೊಡ್ತೆ" ಅಂತ ನಾನು, "ನೀ ಸುಮ್ನಿರು ಮಾರಾಯಾ" ಅಂತ ಭಾವ, ಇಬ್ಬರೂ ಬಿಲ್ಲಿನ ಪುಸ್ತಕ ಹಿಡಿದು ಎಳೆದಾಡಿದೆವು. ಕೊನೆಗೆ ನಾನು ಗೆದ್ದೆ. ಕೆಳಗಿನ ಮೊತ್ತ ನೋಡಿ ಎದೆ ಧಸಕ್ಕೆಂದರೂ ನಗುತ್ತಲೇ ಫೋನಿನಲ್ಲಿ ದುಡ್ಡು ಹಾಕಿದೆ. ಬಿಲ್ಲನ್ನು ಸರಿಯಾಗಿ ಓದಿದ್ದು ಭಾನುವಾರ ರಾತ್ರಿ, ರೈಲು ನೆಲಮಂಗಲ ದಾಟುವಾಗ. ಒಂದು ಪಾಂಪ್ಲೆಟ್‌ಗೆ 1,850. ಇಸೋಣದ ಎರಡು ತುಂಡಿಗೆ 1,240. ಉಳಿದಿದ್ದೂ ಸೇರಿ ಊಟಕ್ಕೆ ಒಟ್ಟು 4,200 ರೂಪಾಯಿ. ಅದರ ಮೇಲೆ ಶೇ. 10 ಸರ್ವಿಸ್ ಚಾರ್ಜ್, 420. ಆ 420ನ್ನೂ ಸೇರಿಸಿ ಶೇ. 5 ಜಿಎಸ್‌ಟಿ. ಕೊನೆಗೆ ಕೊಟ್ಟಿದ್ದು 4,851.

ಸರ್ವಿಸ್ ಚಾರ್ಜ್ ಸರಕಾರದ ತೆರಿಗೆ ಅಲ್ಲ, ಅದು ಹೋಟೆಲಿನವರೇ ಹಾಕಿಕೊಳ್ಳುವ ದುಡ್ಡು. ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋಗಿದ್ದವು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿ ಹಿಡಿಯಿತು. ಹಾಗಾಗಿ ಕೂತಲ್ಲೇ "ಇದನ್ನು ತೆಗೆಯಿರಿ" ಅನ್ನಿ. ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನು ಊರಿಗೆ ಬಂದ ಮೇಲೆ ಮಾಡಿದೆ, ದೂರು ಬರೆದುಕೊಂಡಿದ್ದಾರೆ. ಬಿಲ್ಲು ಮಾತ್ರ ಎಸೆಯಬೇಡಿ.

ರೇಟು ಬರೆಯದ ಮೀನು ಬೇಕೇ ಬೇಕು ಅಂದರೆ ನಿಮ್ಮೆದುರೇ ತೂಕ ಹಾಕಿಸಿ, ಮಸಾಲೆ ಹಚ್ಚುವ ಮೊದಲೇ ದುಡ್ಡು ಎಷ್ಟು ಅಂತ ಹೇಳಿಸಿ. ಕಿವಿರು ತೋರಿಸಲು ಒಪ್ಪದಿದ್ದರೆ ಬೇಡವೇ ಬೇಡ. ತುಂಡು ಮಾಡಿಟ್ಟ ಮೀನಾದರೆ ಕಣ್ಣೂ ಇಲ್ಲ ಕಿವಿರೂ ಇಲ್ಲ, ನೋಡುವುದಾದರೂ ಏನನ್ನು? ಮತ್ತೆ ಬಿಲ್ಲಿಗೆ ಎಳೆದಾಡುವ ಚಾಳಿ ಇದ್ದರೆ ಎಳೆದಾಡಿ, ಆದರೆ ಗೆದ್ದವರು ಓದಿ ಕೊಡಿ.

ಸೋಮವಾರ ಬೆಳಿಗ್ಗೆ ಮನೆಗೆ ಬಂದೆ. ಅಮ್ಮ ಚಾ ಕೊಡುತ್ತಾ, "ಬೆಂಗಳೂರಲ್ಲಿ ಎಂತ ತಿಂದ್ಯೋ?" ಅಂದಳು.

"ದೋಸೆ" ಅಂದೆ.