ಪ್ರೇಮಿಗಳ ದಿನಕ್ಕೆ ವೈನ್ ಮತ್ತು ಚಾಕೊಲೇಟ್: ಹುಬ್ಬಳ್ಳಿ-ಧಾರವಾಡದಲ್ಲಿ ಯಾವುದು ಛಲೋ, ಯಾವುದು ದಂಡ

ಸಕ್ಕರೆಯಿಲ್ಲದ, ಅಂದರೆ ಡ್ರೈ, ಕೆಂಪು ವೈನ್ ಒಂದು ಬಾಟಲಿ, ಹೃದಯದ ಆಕಾರದ ಡಬ್ಬಿ ತುಂಬ ಮಿಲ್ಕ್ ಚಾಕೊಲೇಟ್. ಫೆಬ್ರವರಿ 14ಕ್ಕೆ ಬಹಳ ಮಂದಿ ಕೊಳ್ಳುವ ಜೋಡಿ ಇದು. ಬಾಯಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಕೂಡುವ ಜೋಡಿಯೂ ಇದೇ. ನಾಲಿಗೆಯ ಮೇಲೆ ಚಾಕೊಲೇಟಿನ ಸಿಹಿ ಇರುವಾಗ ಡ್ರೈ ವೈನ್ ಗುಟುಕರಿಸಿದರೆ ಹಣ್ಣಿನ ರುಚಿ ಅಡಗಿಹೋಗುತ್ತದೆ, ಹುಳಿ ಮತ್ತು ಒಗರು ಮಾತ್ರ ಎದ್ದು ನಿಲ್ಲುತ್ತವೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಎಂಬ ಒಗರಿನ ಅಂಶಕ್ಕೆ ಕೋಕೋದ ಕಹಿ ಸೇರಿಕೊಂಡರೆ ಬಾಯಿ ಒಣಗುತ್ತದೆ. ಆದ್ದರಿಂದ ಆಯ್ಕೆಯ ಸೂತ್ರ ಒಂದೇ: ವೈನ್ ಚಾಕೊಲೇಟಿನಷ್ಟಾದರೂ ಸಿಹಿಯಾಗಿರಬೇಕು, ಸ್ವಲ್ಪ ಹೆಚ್ಚಾದರೆ ಇನ್ನೂ ಒಳ್ಳೆಯದು.

ಹಾಗೆ ನೋಡಿದರೆ ನಮ್ಮ ಮೊದಲ ಅಂಕ ನಾಸಿಕ್‌ನ ವೈನ್ ಕಂಪನಿ ಸುಲಾದ ಲೇಟ್ ಹಾರ್ವೆಸ್ಟ್ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್‌ಗೆ. ಹಣ್ಣನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟಾಗ ನೀರಿನಂಶ ಇಳಿದು ಸಕ್ಕರೆ ಗಟ್ಟಿಯಾಗುತ್ತದೆ. ಆ ಸಕ್ಕರೆ ಪೂರ್ತಿ ಆಲ್ಕೋಹಾಲ್ ಆಗುವ ಮೊದಲೇ ಹುದುಗು ನಿಲ್ಲಿಸಿರುತ್ತಾರೆ. ಜೇನು, ಮಾಗಿದ ಮಾವಿನ ವಾಸನೆ ಬರುತ್ತದೆ, ಆದರೆ ಶೆನಿನ್ ದ್ರಾಕ್ಷಿಯ ಹುಳಿ ಒಳಗೇ ಇರುವುದರಿಂದ ಅದು ಸಕ್ಕರೆಪಾಕ ಅನಿಸುವುದಿಲ್ಲ. ವೈಟ್ ಚಾಕೊಲೇಟ್, ಡೈರಿ ಮಿಲ್ಕ್, ಪುತ್ತೂರಿನ ಕ್ಯಾಂಪ್ಕೊ ಮಿಲ್ಕ್ ಬಾರ್ ಮೂರಕ್ಕೂ ಹೊಂದುತ್ತದೆ. ಕಡು ಡಾರ್ಕ್ ಚಾಕೊಲೇಟಿನ ಮುಂದೆ ಮಾತ್ರ ಸೋಲುತ್ತದೆ, ಕೋಕೋ ಅದನ್ನು ನುಂಗಿಬಿಡುತ್ತದೆ. 8ರಿಂದ 10 ಡಿಗ್ರಿಯಲ್ಲಿ ಕೊಡಿ. ಬೆಚ್ಚಗಾದರೆ ಸಿಹಿ ಮುಖಕ್ಕೆ ಹೊಡೆಯುತ್ತದೆ.

ಇದೇ ವೈನ್‌ಗೆ ಧಾರವಾಡ ಪೇಡೆ ಹೊಂದುತ್ತದೆಯೇ ಎಂದು ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೊಂದುತ್ತದೆ, ಒಂದು ಷರತ್ತಿನ ಮೇಲೆ. ಕಂದು ಬಣ್ಣಕ್ಕೆ ತಿರುಗುವ ತನಕ ಹುರಿದ ಖೋವಾದ ಕ್ಯಾರಮೆಲ್ ವಾಸನೆಗೂ ವೈನಿನ ಜೇನಿನ ವಾಸನೆಗೂ ಚೆನ್ನಾಗಿ ಕೂಡಿಬರುತ್ತದೆ. ತೊಡಕಿರುವುದು ಪೇಡೆಯ ಮೈಗೆ ಮೆತ್ತಿದ ಸಕ್ಕರೆಯಲ್ಲಿ, ಅದರ ಮುಂದೆ ಲೇಟ್ ಹಾರ್ವೆಸ್ಟ್ ಕೂಡ ಸಪ್ಪೆ. ಅಂಗೈಯಲ್ಲಿ ಹೊರಳಿಸಿ ಸಕ್ಕರೆ ಉದುರಿಸಿ, ಅರ್ಧ ಪೇಡೆಗೆ ಎರಡು ಗುಟುಕಿನಂತೆ ಸವಿಯಿರಿ. ಪೇಡೆ ಅಂದೇ ತಂದದ್ದಾಗಿರಲಿ, ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿ ವಾಸನೆಯೇ ಬಿಡುವುದಿಲ್ಲ.

ಕೆಂಪು ವೈನೇ ಬೇಕು ಎನ್ನುವವರಿಗೆ ಸುಲಾದ ದಿಂಡೋರಿ ರಿಸರ್ವ್ ಶಿರಾಜ್. ಓಕ್ ಪೀಪಾಯಿಯಲ್ಲಿ ಮಾಗಿದ್ದರಿಂದ ವೆನಿಲಾ, ಕಾಳುಮೆಣಸಿನ ಛಾಯೆ ಇದೆ, ಹಣ್ಣಿನ ರುಚಿಯೂ ತುಂಬಿಕೊಂಡಿದೆ. ಅಮುಲ್ ಡಾರ್ಕ್ 55 ಪ್ರತಿಶತದ ಜೊತೆ ಪರವಾಗಿಲ್ಲ ಎನ್ನುವ ಮಟ್ಟದಿಂದ ಚೆನ್ನಾಗಿದೆ ಎನ್ನುವ ಮಟ್ಟಕ್ಕೆ ಏರಿಸಲು ಚಾಕೊಲೇಟಿನ ಮೇಲೆ ಎರಡು ಹರಳು ಉಪ್ಪು ಸಾಕು. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ನಂದಿ ಬೆಟ್ಟದ ಗ್ರೋವರ್‌ನ ಲಾ ರಿಸರ್ವ್ ಇದಕ್ಕಿಂತ ಗಂಭೀರವಾದ ವೈನ್. ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ದ್ರಾಕ್ಷಿ ಬೆರೆತದ್ದು, ಬಾಟಲಿಯ ಮಟ್ಟಿಗೆ ನಮ್ಮ ಮೆಚ್ಚುಗೆ ಇದಕ್ಕೇ. ಆದರೆ ಇದನ್ನು ಊಟಕ್ಕೆ ಇಟ್ಟುಕೊಳ್ಳಿ. ಸಾವಜಿ ಮಟನ್‌ನಂಥ ಖಾರಕ್ಕಲ್ಲ, ಖಾರ ಮತ್ತು ಟ್ಯಾನಿನ್ ಒಟ್ಟಾದರೆ ಗಂಟಲು ಉರಿಯುತ್ತದೆ. ಹದವಾಗಿ ಸುಟ್ಟ ಪನೀರ್ ಅಥವಾ ಮಟನ್ ಕಬಾಬ್‌ಗೆ ಸರಿ. ಹಂಪಿ ಬೆಟ್ಟಗಳ ಕೃಷ್ಮ ತೋಟದ ಕ್ಯಾಬರ್ನೆಯ ವಿಷಯದಲ್ಲೂ ಇದೇ ಮಾತು.

75 ಪ್ರತಿಶತ ಅಥವಾ ಅದಕ್ಕೂ ಕಡು ಚಾಕೊಲೇಟ್ ಇಷ್ಟವಾದರೆ ಡ್ರೈ ವೈನ್ ಮರೆತು 'ಪೋರ್ಟ್' ಎಂದು ಬರೆದ ಸಿಹಿ ಕೆಂಪು ಬಾಟಲಿಯನ್ನೇ ಹಿಡಿಯಿರಿ. "ಅದು ಅಜ್ಜಾರು ಕುಡಿಯೋದ್ರಿ" ಎಂದು ಕೌಂಟರಿನಲ್ಲಿ ನಕ್ಕರೆ ನಗಲಿ. ಅಸಲಿ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು, ಬ್ರಾಂದಿ ಬೆರೆಸಿ ಹುದುಗು ನಿಲ್ಲಿಸಿದ್ದು, ಆಲ್ಕೋಹಾಲ್ ಸಾಮಾನ್ಯವಾಗಿ 19ರಿಂದ 22 ಪ್ರತಿಶತ. ನಮ್ಮಲ್ಲಿ ಅಗ್ಗಕ್ಕೆ ಸಿಗುವುದು ಆ ಜಾತಿಯದಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಮಾಡಿದ ಬಾಟಲಿಯಾದರೆ ಜಾಮಿನಂಥ ಗಾಢ ವಾಸನೆ ಮೂಗಿಗೆ ಬಡಿಯುತ್ತದೆ. ಬರೀ ವೈನ್ ಆಗಿ ಕುಡಿದರೆ ಒರಟು, ಕಹಿ ಚಾಕೊಲೇಟಿನ ಜೊತೆಗೆ ಮಾತ್ರ ಅದೇ ಒರಟುತನ ಕೆಲಸಕ್ಕೆ ಬರುತ್ತದೆ. ಬೆಲ್ಲ, ಅಂಟು, ಉತ್ತತ್ತಿ, ಒಣಕೊಬ್ಬರಿ ಸೇರಿದ ಕರದಂಟಿನ ಜೊತೆಗಂತೂ ದುಬಾರಿ ಬಾಟಲಿಗಳಿಗಿಂತ ಇದೇ ಮೇಲು. 40 ಮಿಲಿಯ ಚಿಕ್ಕ ಗ್ಲಾಸ್ ಸಾಕು. ಅಮುಲ್‌ನ 99 ಪ್ರತಿಶತದ ಬಾರ್‌ಗೆ ಜೊತೆಯಾಗುವ ವೈನ್ ಇಲ್ಲ. ಅದನ್ನು ಕಾಫಿಗೆ ಬಿಡಿ.

ಬುರುಗಿನ ವೈನ್ ಆದ ಬ್ರೂಟ್‌ನ ಬಾಟಲಿ ನೋಡಲು ಹಬ್ಬದ ಹಾಗಿದ್ದರೂ ಚಾಕೊಲೇಟಿಗೆ ಸಲ್ಲದು. ಬ್ರೂಟ್ ಎಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ಚಾಕೊಲೇಟ್ ತಿಂದು ಕುಡಿದರೆ ನಿಂಬೆಹುಳಿ ನೆಕ್ಕಿದಂತಾಗುತ್ತದೆ. ಸಂಜೆಯ ಮೊದಲಿಗೆ, ಬಿಸಿ ಮಿರ್ಚಿ ಭಜಿಯ ಜೊತೆ ತೆರೆಯಿರಿ. ಎಣ್ಣೆ, ಉಪ್ಪು, ಕಡಲೆಹಿಟ್ಟಿನ ಭಾರವನ್ನು ಆ ಹುಳಿ ಮತ್ತು ಗುಳ್ಳೆ ತೊಳೆದುಕೊಂಡು ಹೋಗುತ್ತವೆ. ಮೆಣಸಿನಕಾಯಿ ತೀರ ಖಾರದ್ದಾಗದಿರಲಿ. ತೆರೆಯುವಾಗ ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ಒಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಹೆಚ್ಚಿರುತ್ತದೆ, ಬೆಚ್ಚಗಿನ ಬಾಟಲಿಯಾದರೆ ಅರ್ಧ ನೆಲಕ್ಕೆ.

ಇನ್ನು ಚಾಕೊಲೇಟ್. ಬೇಕರಿಗಳ ಗಿಫ್ಟ್ ಡಬ್ಬಿಯಲ್ಲಿರುವುದು ಬಹಳ ಸಲ ಕಾಂಪೌಂಡ್, ಅಂದರೆ ಕೋಕೋ ಬೆಣ್ಣೆಯ ಬದಲು ವನಸ್ಪತಿ ಕೊಬ್ಬು. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಯಲ್ಲಿ, ಎಂದರೆ ಬಾಯಲ್ಲೇ, ಕರಗುತ್ತದೆ. ಕಾಂಪೌಂಡ್ ಹಾಗೆ ಪೂರ್ತಿ ಕರಗದೆ ನಾಲಿಗೆಗೆ ಮೇಣ ಬಳಿದಂತೆ ಅಂಟಿಕೊಳ್ಳುತ್ತದೆ, ಅದರ ಮೇಲೆ ಯಾವ ವೈನ್ ಹೋದರೂ ರುಚಿ ತಿಳಿಯದು. ಪೊಟ್ಟಣದ ಹಿಂದೆ ಓದಿ: ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಎಂದು ಮೊದಲ ಎರಡು ಮೂರು ಹೆಸರುಗಳಲ್ಲೇ ಬಂದರೆ ಕೆಳಗಿಡಿ. ಪೊಟ್ಟಣವೇ ಇಲ್ಲದ ಬಿಡಿ ಚಾಕೊಲೇಟಾದರೆ ಒಂದು ತುಂಡು ಮುರಿದು ನೋಡಿ, ಟಕ್ಕೆಂದು ಮುರಿದು ಬಾಯಲ್ಲಿ ಬೇಗ ಕರಗಿದರೆ ಅಸಲಿ. ಮೈಸೂರಿನ ನವಿಲುನಾ, ಕೊಚ್ಚಿಯ ಪಾಲ್ ಅಂಡ್ ಮೈಕ್ ಬಾರ್‌ಗಳು ಇದಕ್ಕಿಂತ ಬೇರೆಯೇ ಮಟ್ಟದವು. ಆನ್‌ಲೈನ್‌ನಲ್ಲಿ ತರಿಸುವುದಾದರೆ ಒಂದು ವಾರ ಮೊದಲೇ ತರಿಸಿ. ಫೆಬ್ರವರಿಯಲ್ಲಿ ಇಲ್ಲಿ ಮಧ್ಯಾಹ್ನದ ಬಿಸಿಲು ಆಗಲೇ 30 ಡಿಗ್ರಿ ದಾಟಿರುತ್ತದೆ, ಕೊರಿಯರ್ ವ್ಯಾನಿನಲ್ಲಿ ಕರಗಿ ಮತ್ತೆ ಗಟ್ಟಿಯಾದ ಬಾರ್ ಮೇಲೆ ಬೂದು ಪೊರೆ ಏರುತ್ತದೆ. ಅದು ಬೂಷ್ಟು ಹಿಡಿದದ್ದಲ್ಲ, ತಿನ್ನಬಹುದು, ಆದರೆ ನುಣುಪು ಹೋಗಿರುತ್ತದೆ. ಬದಲಿ ತರಿಸಿಕೊಳ್ಳಲು ಸಮಯವಿರಲಿ.

ಮನೆಯಲ್ಲೇ ಏನಾದರೂ ಮಾಡುವ ಆಸೆಯಿದ್ದರೆ ಬ್ಯಾಡಗಿ ಮೆಣಸಿನ ಡಾರ್ಕ್ ಚಾಕೊಲೇಟ್ ಮಾಡಿ, ದಿಂಡೋರಿ ಶಿರಾಜ್‌ಗೆ ಹೇಳಿ ಮಾಡಿಸಿದ್ದು. ಬ್ಯಾಡಗಿಯೇ ಯಾಕೆಂದರೆ ಅದರಲ್ಲಿ ಬಣ್ಣ, ಪರಿಮಳ ಹೆಚ್ಚು, ಖಾರ ಕಡಿಮೆ. ಗುಂಟೂರು ಹಾಕಿದರೆ ವೈನಿನ ಆಲ್ಕೋಹಾಲ್ ಆ ಖಾರವನ್ನು ಇನ್ನಷ್ಟು ಕೆದಕುತ್ತದೆ. 100 ಗ್ರಾಂ ಚಾಕೊಲೇಟಿಗೆ ಕಾಲು ಟೀ ಚಮಚ ನುಣ್ಣನೆ ಪುಡಿ, ಚಿಟಿಕೆ ಉಪ್ಪು. ಕುದಿ ನಿಂತ ಬಿಸಿನೀರಿನ ಪಾತ್ರೆಯ ಮೇಲೆ ಒಣ ಸ್ಟೀಲ್ ಬಟ್ಟಲಿಟ್ಟು ಮೆಲ್ಲಗೆ ಕರಗಿಸಿ, ಬಟ್ಟಲಿನ ತಳ ನೀರಿಗೆ ತಾಗಬಾರದು. ಒಂದು ಹನಿ ನೀರು ಬಿದ್ದರೂ ಮುದ್ದೆಗಟ್ಟಿ ಮರಳಿನಂತಾಗುತ್ತದೆ. ಹಾಗಾದರೆ ಎರಡು ಚಮಚ ಬಿಸಿ ಹಾಲು ಬೆರೆಸಿ ಸಾಸ್ ಮಾಡಿಕೊಳ್ಳಿ, ಸ್ಟ್ರಾಬೆರಿ ಅದ್ದಿ ತಿನ್ನಲು ಆಗುತ್ತದೆ. ಬೆಣ್ಣೆ ಕಾಗದದ ಮೇಲೆ ತೆಳ್ಳಗೆ ಸುರಿದು ಫ್ರಿಜ್ಜಿನಲ್ಲಿ 20 ನಿಮಿಷ ಇಡಿ. ಟೆಂಪರ್ ಮಾಡದ್ದರಿಂದ, ಅಂದರೆ ಹದವಾದ ಉಷ್ಣತೆಯಲ್ಲಿ ಕರಗಿಸಿ ಆರಿಸದ್ದರಿಂದ, ಹೊಳಪು ನಿಲ್ಲದು, ಅಂದೇ ಮುಗಿಸಿ.

ಬಾಟಲಿ ಕೊಳ್ಳುವಾಗ ಅಂಗಡಿಯೊಳಗೆ ಎಲ್ಲಿಟ್ಟಿದ್ದಾರೆ ಎಂದು ನೋಡಿ. ವಿಸ್ಕಿ, ರಮ್ ಮಾರಾಟವೇ ಹೆಚ್ಚಿರುವ ಕಡೆ ವೈನ್ ಟ್ಯೂಬ್‌ಲೈಟಿನ ಕೆಳಗೋ ಬಿಸಿಲು ಬೀಳುವ ಗಾಜಿನ ಹತ್ತಿರವೋ ನಿಂತೇ ಇರುತ್ತದೆ. ಕಾರ್ಕ್ ಉಬ್ಬಿ ಮೇಲೆದ್ದಿದ್ದರೆ, ಬಾಯಿಯ ಸುತ್ತ ಅಂಟಿದ್ದರೆ ಆ ವೈನ್ ಬೆಂದುಹೋಗಿದೆ. ತಿರುಪು ಮುಚ್ಚಳದ ಬಾಟಲಿ ಕೀಳಲ್ಲ, ನಮ್ಮ ಸೆಕೆಗೆ ಅದೇ ಹೆಚ್ಚು ನಂಬಿಕಸ್ಥ. ಬಿಳಿ ವೈನ್‌ಗೆ ಇತ್ತೀಚಿನ ವರ್ಷ ನೋಡಿ.

ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕೊಡುವ ಮಾತು ತಣ್ಣನೆಯ ದೇಶದ್ದು. ಇಲ್ಲಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ಇಳಿಸಿ. ಕರೆಂಟ್ ಕೈಕೊಟ್ಟರೆ ಬಕೆಟ್ಟಿನಲ್ಲಿ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು. ಬಿಳಿ ವೈನ್ 20 ನಿಮಿಷದಲ್ಲಿ ತಣ್ಣಗಾಗುತ್ತದೆ. ಚಾಕೊಲೇಟನ್ನು ಮಾತ್ರ ಕಾಲು ಗಂಟೆ ಮೊದಲೇ, ಮುಚ್ಚಿದ ಡಬ್ಬಿಯಲ್ಲೇ ಫ್ರಿಜ್ಜಿನಿಂದ ಹೊರಗಿಡಿ. ತಣ್ಣಗಿದ್ದರೆ ಕರಗದು, ಡಬ್ಬಿ ತೆರೆದಿಟ್ಟರೆ ತೇವ ಕೂತು ಸಕ್ಕರೆ ಮೇಲೇಳುತ್ತದೆ. ಮೊದಲು ಚಾಕೊಲೇಟ್ ಅರ್ಧ ಕರಗಲಿ, ಆಮೇಲೆ ಗುಟುಕು. ಬಿಳಿ, ಮಿಲ್ಕ್, ಡಾರ್ಕ್, ಇದೇ ಕ್ರಮ.

ಇಬ್ಬರಿಗೆ ಮೂರು ಬಾಟಲಿ ತೆರೆಯುವ ಅಗತ್ಯವಿಲ್ಲ. ಊಟದ ಜೊತೆಗೊಂದು ಕೆಂಪು, ಚಾಕೊಲೇಟಿಗೊಂದು ಸಿಹಿ, ಅದೂ ತಲಾ 60 ಮಿಲಿ. ಉಳಿದದ್ದನ್ನು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿ ನಿಲ್ಲಿಸಿಡಿ: ಕೆಂಪು ಮೂರು ದಿನ, ಲೇಟ್ ಹಾರ್ವೆಸ್ಟ್ ಸುಮಾರು ಒಂದು ವಾರ. ಬ್ರೂಟ್ ಅಂದೇ ಮುಗಿಯಬೇಕು.