ಒಬ್ಬರೇ ದೋಣಿಯಲ್ಲಿ ಸಾಲುಗಾಳ ಹಾಕುವುದಾದರೆ: ಕಟ್ಟಿದ ಗಾಳವೋ, ಕ್ಲಿಪ್ಪಿನ ಗಾಳವೋ?

ಕಾರವಾರದ ಸುಂಕೇರಿಯಿಂದ ಕಡವಾಡದ ಕಡೆಗಿನ ಕಾಳಿ ನದಿಯಲ್ಲಿ ನಾನು ರಜೆಯ ದಿನಗಳಲ್ಲಿ 14 ಅಡಿಯ ಫೈಬರ್ ದೋಣಿಯಲ್ಲಿ ಒಬ್ಬನೇ ಹೋಗಿ ಸಾಲುಗಾಳ ಹಾಕುತ್ತೇನೆ. ಉದ್ದನೆಯ ಒಂದು ತಾಯಿಹಗ್ಗ, ಅದರಿಂದ ಅಂತರವಿಟ್ಟು ಇಳಿಬಿಟ್ಟ ಗಿಡ್ಡ ಕವಲುದಾರಗಳು, ಪ್ರತಿ ದಾರದ ತುದಿಗೆ ಒಂದು ಗಾಳ, ಎರಡೂ ಕೊನೆಗಳಲ್ಲಿ ಭಾರ ಮತ್ತು ಬೆಂಡು, ಇಷ್ಟೇ ಇದರ ಸಾಧನ. ಮೊದಲ ಎರಡು ವರ್ಷ ಕವಲುದಾರಗಳನ್ನು ತಾಯಿಹಗ್ಗಕ್ಕೆ ಗಂಟು ಹಾಕಿಯೇ ಬಳಸಿದೆ; ಅನಂತರದ ಎರಡು ವರ್ಷಗಳಿಂದ ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆಯಬಹುದಾದ ತಂತಿ ಕ್ಲಿಪ್ಪಿನ ದಾರಗಳನ್ನು ಬಳಸುತ್ತಿದ್ದೇನೆ. ಯಾವುದರಲ್ಲಿ ಹೆಚ್ಚು ಮೀನು ಬೀಳುತ್ತದೆ ಎಂಬುದಕ್ಕಿಂತ, ಹಗ್ಗ ಚಲಿಸುತ್ತಿರುವಾಗ ದೋಣಿಯೊಳಗೆ ಎಷ್ಟು ಗಾಳಗಳು ಬಿಡುಬೀಸಾಗಿ ಇರುತ್ತವೆ ಎಂಬುದನ್ನೇ ಇಲ್ಲಿ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಕಟ್ಟಿದ ಗಾಳದ ಅನುಕೂಲಗಳು ಸಣ್ಣವಲ್ಲ. ಮನೆಯ ಜಗುಲಿಯಲ್ಲೇ ಕುಳಿತು 40 ಗಾಳಗಳಿಗೂ ಶೆಟ್ಲಿ ಎಂಬ ಸಿಗಡಿಯನ್ನೋ ತಾರ್ಲೆ ಮೀನಿನ ತುಂಡನ್ನೋ ಚುಚ್ಚಿ, ಮರದ ಪೆಟ್ಟಿಗೆಯ ಅಂಚಿನಲ್ಲಿ ಕೊರೆದ ಸೀಳುಗಳಲ್ಲಿ ಅವುಗಳನ್ನು ಸರದಿಯಂತೆ ಕೂರಿಸಿಕೊಂಡರೆ, ನೀರಿನಲ್ಲಿ ಹಗ್ಗ ಬಿಡಲು ಆರೇಳು ನಿಮಿಷ ಸಾಕು. ಕವಲುದಾರದ ಉದ್ದ ಎರಡು ಗಾಳಗಳ ನಡುವಿನ ಅಂತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಪಕ್ಕದ ಗಾಳಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲವಾದ್ದರಿಂದ, ಒಂದೂವರೆ ಮೀಟರ್ ಅಂತರಕ್ಕೆ 45 ಸೆಂಟಿಮೀಟರಿನ ದಾರ ಕಟ್ಟಿದ್ದೆ. ತೊಂದರೆ ಇರುವುದು ಮೊದಲ ಭಾರವನ್ನು ನೀರಿಗೆ ಬಿಟ್ಟ ಮೇಲೆ. ಆ ಕ್ಷಣದಿಂದ ದೋಣಿಯನ್ನು ಸೆಳೆತ ಒಯ್ಯುತ್ತದೆ, ಹಗ್ಗ ತಾನಾಗಿ ಓಡುತ್ತದೆ, ಪ್ರತಿ ಒಂದೂವರೆ ಮೀಟರಿಗೆ ಒಂದು ಗಾಳ ಪೆಟ್ಟಿಗೆಯಿಂದ ಚಿಮ್ಮಿ ಹೊರಗೆ ಹೋಗುತ್ತದೆ. ಹುಟ್ಟು ಹಿಡಿಯಲು, ಹಗ್ಗ ತಡೆಯಲು, ಗಾಳ ಬಿಡಿಸಲು ಇರುವುದು ಎರಡೇ ಕೈ.

ಎರಡನೆಯ ವರ್ಷದ ಅಕ್ಟೋಬರಿನಲ್ಲಿ, ಅಮಾವಾಸ್ಯೆಯ ಮರುದಿನ, ಸಮುದ್ರದ ಇಳಿತದ ನೀರು ಜೋರಾಗಿದ್ದಾಗ ಪೆಟ್ಟಿಗೆಯಿಂದ ಹೊರಟ ಒಂದು ಗಾಳ ನನ್ನ ಮಳೆಕೋಟಿನ ತೋಳಿಗೆ ಸಿಕ್ಕಿತು. ಹಿಂದೆ ಭಾರ ಕೆಸರು ಕಚ್ಚಿತ್ತು, ಮುಂದೆ ದೋಣಿ ಸರಿಯುತ್ತಿತ್ತು, ನಡುವೆ ನನ್ನ ತೋಳು ಹಗ್ಗದ ಒಂದು ಭಾಗವಾಗಿಬಿಟ್ಟಿತು. ದೋಣಿ ಆ ಬದಿಗೆ ವಾಲಿ ಅಂಚಿನ ಮೇಲೆ ನೀರು ಬಂತು. ಚಾಕು ಸೀಟಿನ ಕೆಳಗಿನ ಚೀಲದಲ್ಲಿತ್ತು. ಕೋಟಿನ ತೋಳು ಹರಿದುಹೋದದ್ದರಿಂದ ನಾನು ಉಳಿದೆ, ಅಂದರೆ ನನ್ನ ಜಾಣತನದಿಂದಲ್ಲ, ಕೋಟು ಹಳೆಯದಾಗಿದ್ದುದರಿಂದ. ಇದನ್ನು ಕೇಳಿದ ನಮ್ಮ ಕೇರಿಯ ಹಿರಿಯ ಮೀನುಗಾರರೊಬ್ಬರು, "ಮಾಸ್ತರ್ರೇ, ನಾವು ಇಬ್ಬಿಬ್ಬರು ಹೋಗುವುದು ಮಾತಾಡಲಿಕ್ಕಲ್ಲ. ಒಬ್ಬ ಹುಟ್ಟು ನೋಡಬೇಕು, ಒಬ್ಬ ಹಗ್ಗ ನೋಡಬೇಕು" ಎಂದರು. ಕಟ್ಟಿದ ಗಾಳ ಇಬ್ಬರಿಗಾಗಿ ರೂಪುಗೊಂಡ ಸಾಧನ ಎಂಬುದು ನನಗೆ ಅರ್ಥವಾದದ್ದು ಆಗಲೇ.

ಕ್ಲಿಪ್ಪಿನ ಗಾಳದಲ್ಲಿ ಕೆಲಸದ ಕ್ರಮವೇ ಬೇರೆ. ಸೆಳೆತದ ಮೇಲ್ಬದಿಯಲ್ಲಿ ಮೊದಲ ಭಾರವನ್ನು ಬಿಟ್ಟು, ದೋಣಿಯನ್ನು ನೀರಿನ ಜೊತೆಗೇ ಇಳಿಯಲು ಬಿಟ್ಟು, ಒಂದೂ ಗಾಳವಿಲ್ಲದ ಬೋಳು ಹಗ್ಗವನ್ನು ಪೂರ್ತಿ ಹಾಸಿ, ಎರಡನೆಯ ಭಾರವನ್ನೂ ಬಿಡುತ್ತೇನೆ. ಈ ಹೊತ್ತಿನಲ್ಲಿ ಹಗ್ಗ ಎಷ್ಟೇ ಜೋರಾಗಿ ಓಡಿದರೂ ಅದರಲ್ಲಿ ಚುಚ್ಚುವ ವಸ್ತುವಿಲ್ಲ. ಕಾಲಿಗೆ ಸುತ್ತಿಕೊಳ್ಳದಂತೆ ಅದನ್ನು ಬಕೆಟ್ಟಿನೊಳಗೆ ಸುರುಳಿಯಾಗಿ ಇಟ್ಟಿದ್ದರೆ ಸಾಕು. ಅನಂತರ ಕೆಳಗಿನ ಕೊನೆಯಿಂದ ಹಗ್ಗವನ್ನು ದೋಣಿಯ ಮುಂಭಾಗದ ಮೇಲೆ ಎತ್ತಿಕೊಂಡು, ಅದನ್ನೇ ಹಿಡಿದು ದೋಣಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಳ್ಳುತ್ತಾ, ಮೂರು ಮೀಟರಿಗೊಂದರಂತೆ 25 ಗಾಳಗಳನ್ನು ಸಿಕ್ಕಿಸುತ್ತೇನೆ. ಕೈಯಲ್ಲಿರುವುದು ಯಾವಾಗಲೂ ಒಂದೇ ಗಾಳ. ಉಳಿದವು ಮುಚ್ಚಳವಿರುವ ಡಬ್ಬಿಯಲ್ಲಿರುತ್ತವೆ.

ಇದಕ್ಕೆ ತೆರಬೇಕಾದ ಬೆಲೆ ಸಮಯ. ಆರೇಳು ನಿಮಿಷದ ಕೆಲಸ ಅರ್ಧ ಗಂಟೆಗೆ ಏರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತ (ಉಬ್ಬರ) ಮುಗಿದು ಇಳಿತ ಶುರುವಾಗುವ ನಡುವೆ ನೀರು ಅಷ್ಟು ಹೊತ್ತು ನಿಲ್ಲುವುದಿಲ್ಲವಾದ್ದರಿಂದ, ನಾನು ಈಗ ಹೆಚ್ಚಾಗಿ ಏರಿಳಿತ ಸಣ್ಣದಾಗಿರುವ ನವಮಿ, ದಶಮಿಗಳಂದೇ ಹೋಗುತ್ತೇನೆ; ತಿಂಗಳಲ್ಲಿ ಸಿಗುವ ದಿನಗಳು ಅರ್ಧಕ್ಕೆ ಇಳಿದಿವೆ. ಮೇಲೆ ಕದ್ರಾ ಜಲಾಶಯದಿಂದ ನೀರು ಬಿಟ್ಟಿದ್ದರೆ ಪಂಚಾಂಗದ ಲೆಕ್ಕವೂ ನಡೆಯುವುದಿಲ್ಲ, ಅಂಥ ದಿನ ದೋಣಿ ಬಿಚ್ಚುವುದೇ ಇಲ್ಲ. ಕ್ಲಿಪ್ ಸೆಳೆತಕ್ಕೆ ಹಗ್ಗದ ಮೇಲೆ ಜಾರಿ ನಾಲ್ಕೈದು ಗಾಳಗಳು ಒಂದೇ ಕಡೆ ಗುಂಪಾಗುವುದು ಇನ್ನೊಂದು ಕಿರಿಕಿರಿ. ಮೂರು ಮೀಟರಿಗೊಮ್ಮೆ ಎರಡೆರಡು ಗಂಟು ಹಾಕಿ ಅವುಗಳ ನಡುವೆ ಕ್ಲಿಪ್ ಕೂರಿಸಿದ ಮೇಲೆ ಅದು ನಿಂತಿತು. ಉಪ್ಪುನೀರಿಗೆ ಅಗ್ಗದ ಕ್ಲಿಪ್ಪುಗಳು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಗಿ ಕಳೆದುಕೊಂಡವು, ಸ್ಟೇನ್‌ಲೆಸ್ ಸ್ಟೀಲಿನವು ಇನ್ನೂ ಚೆನ್ನಾಗಿವೆ.

ಎರಡರ ನಿಜವಾದ ಅಂತರ ತಿಳಿಯುವುದು ಹಗ್ಗ ಎತ್ತುವಾಗ. ಮೊದಲಿಗೆ ನಾನು ದೋಣಿಯ ಬದಿಯಿಂದ ಎತ್ತುತ್ತಿದ್ದೆ, ಏಕೆಂದರೆ ಕುಳಿತಲ್ಲಿಂದ ಅದೇ ಹತ್ತಿರ. ಆದರೆ ಬದಿಯಿಂದ ಎತ್ತಿದರೆ ಹಗ್ಗದ ಭಾರವೂ ನಮ್ಮ ಮೈಭಾರವೂ ಒಂದೇ ಅಂಚಿಗೆ ಬೀಳುತ್ತವೆ, ಸೆಳೆತವೂ ದೋಣಿಯ ಅಗಲಕ್ಕೆ ಬಡಿಯುತ್ತದೆ. ಮುಂಭಾಗದಿಂದ ಎತ್ತಿದರೆ ದೋಣಿ ನೀರಿಗೆ ಮೂತಿಯೊಡ್ಡಿ ನಿಲ್ಲುತ್ತದೆ. ಮೊಣಕಾಲೂರಿ ಕುಳಿತು, ಕೆಳಗಿನ ಕೊನೆಯಿಂದ ಮೇಲಕ್ಕೆ ಹೋಗುವುದೇ ಸರಿಯಾದ ದಿಕ್ಕು. ಮೇಲಿನಿಂದ ಕೆಳಕ್ಕೆ ಬಂದರೆ ಇನ್ನೂ ಎತ್ತದ ಹಗ್ಗದ ಮೇಲೆಯೇ ದೋಣಿ ಹತ್ತಿಕೊಳ್ಳುತ್ತದೆ. ಕಟ್ಟಿದ ಹಗ್ಗದಲ್ಲಿ ಎತ್ತಿದಷ್ಟೂ ಗಾಳ ದೋಣಿಯೊಳಗೆ ರಾಶಿಯಾಗುತ್ತಿತ್ತು, ಅದರ ನಡುವೆ ಒಂದು ಶೇಡೆ ಮೀನು ಬಂದು ಬಾಲ ಬಡಿದರೆ ಹತ್ತು ಗಾಳಗಳು ಒಟ್ಟಿಗೆ ಕುಣಿಯುತ್ತಿದ್ದವು. ಕ್ಲಿಪ್ಪಿನಲ್ಲಿ ಮೀನನ್ನು ದಾರದ ಸಮೇತ ಕಳಚಿ ಬಕೆಟ್ಟಿಗೆ ಹಾಕಿದರಾಯಿತು, ಗಾಳ ಬಿಡಿಸುವುದು ದಡದಲ್ಲಿ. ತೂಕದ ಕುರುಡೆ ಮೀನು ಸಿಕ್ಕಿ ಹಗ್ಗ ಕೈಬಿಡಬೇಕಾಗಿ ಬಂದರೂ, ದೋಣಿ ಹಿಂದೆ ಸರಿಯುವುದು ಗಾಳ ತೆಗೆದಾದ ಬೋಳು ಹಗ್ಗದ ಮೇಲೆ.

ಶೇಡೆಯ ಬೆನ್ನಿನ ಮತ್ತು ಕಿವಿರಿನ ಹಿಂದಿನ ಮುಳ್ಳುಗಳಲ್ಲಿ ವಿಷವಿರುವುದರಿಂದ ಗಾಳವನ್ನು ದಡದಲ್ಲಿ ಬಿಡಿಸುವುದೇನೂ ಸಣ್ಣ ಲಾಭವಲ್ಲ; ಮುಳ್ಳು ಚುಚ್ಚಿದರೆ ಕೈ ತಾಳುವಷ್ಟು ಬಿಸಿನೀರಿನಲ್ಲಿ ಅದ್ದಿ ಹಿಡಿದಾಗ ನೋವು ತಗ್ಗುತ್ತದೆ, ಆದರೆ ನದಿಯ ನಡುವೆ ಬಿಸಿನೀರು ತರುವವರಾರು?

ಗಾಳದ ಆಕಾರದಲ್ಲಿ ನನಗೆ ಗೊಂದಲವಿಲ್ಲ. ನೇರ ಮೊನೆಯ ಮಾಮೂಲಿ ಗಾಳಕ್ಕಿಂತ, ಮೊನೆ ಒಳಕ್ಕೆ ಬಾಗಿದ ಸರ್ಕಲ್ ಗಾಳ ಬಟ್ಟೆಗೆ ಸಿಕ್ಕುವುದು ಕಡಿಮೆ, ಮೀನಿಗೂ ಹೆಚ್ಚಾಗಿ ಬಾಯಿಯ ಮೂಲೆಯಲ್ಲೇ ಕೂರುತ್ತದೆ. ಹಗ್ಗದಲ್ಲಿ ಪಾಲಿಪ್ರೊಪಿಲೀನ್ ಅಗ್ಗವಾದರೂ ನೀರಿನ ಮೇಲೆ ತೇಲಿ ಬೇರೆ ದೋಣಿಗಳ ಇಂಜಿನ್ನಿನ ಪಂಖಕ್ಕೆ ಸುತ್ತಿಕೊಳ್ಳುವುದರಿಂದ, ಮುಳುಗುವ 4 ಮಿಲಿಮೀಟರಿನ ನೈಲಾನ್ ಆರಿಸಿಕೊಂಡೆ. ಇನ್ನೂ ತೆಳುವಾದದ್ದು ಅಂಗೈ ಕೊಯ್ಯುತ್ತದೆ. ಹಗ್ಗವನ್ನು ಎಂದೂ ಕೈಗೆ ಸುತ್ತಿಕೊಂಡು ಎಳೆಯುವುದಿಲ್ಲ.

ಒಂದು ಕೊನೆಯನ್ನು ದಡದ ಕಾಂಡ್ಲಾ ಗಿಡಕ್ಕೆ ಕಟ್ಟಿ ಇನ್ನೊಂದಕ್ಕೆ ಮಾತ್ರ ಭಾರ ಹಾಕುವ ರೂಢಿಯೂ ಇದೆ. ನಾನೂ ಕೆಲವು ಬಾರಿ ಹಾಗೆ ಮಾಡಿ ಬಿಟ್ಟುಬಿಟ್ಟೆ. ನೀರು ಇಳಿದಾಗ ದಡದ ಕಡೆಯ ಗಾಳಗಳು ಮೊಣಕಾಲುದ್ದ ನೀರಿಗೆ ಬರುತ್ತವೆ, ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರು ಅದೇ ಹೊತ್ತಿಗೆ ಅದೇ ನೀರಿಗೆ ಇಳಿಯುತ್ತಾರೆ. ಈಗ ಎರಡೂ ಕಡೆ ಭಾರ, ಎರಡೂ ಕಡೆ ಕಣ್ಣಿಗೆ ಹೊಡೆಯುವ ಬಣ್ಣದ ಬೆಂಡು. 2024ರ ಆಗಸ್ಟಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದ ಮೇಲೆ ಆ ಸುತ್ತಿನಲ್ಲಿ ಹಗ್ಗ ಹಾಕುವುದನ್ನು ಪೂರ್ತಿ ನಿಲ್ಲಿಸಿದ್ದೇನೆ. ನೀರಿನಡಿ ಯಾವುದಕ್ಕೋ ಸಿಕ್ಕಿದ ಭಾರವನ್ನು ಒಬ್ಬನೇ ಎಳೆಯಲು ಹೋಗುವುದು ದೋಣಿ ಮಗುಚಲು ನೇರ ದಾರಿ. ಸಿಕ್ಕಿದರೆ ಕೊಯ್ಯಬೇಕು. ಅದಕ್ಕಾಗಿ ಒಂದು ಚಾಕು ಲೈಫ್ ಜಾಕೆಟ್ಟಿನ ಪಟ್ಟಿಯಲ್ಲಿ, ಇನ್ನೊಂದು ದೋಣಿಯ ಮುಂಭಾಗದಲ್ಲಿ, ಯಾವ ಕೈಯಿಂದಲಾದರೂ ಎಳೆಯುವಂತೆ ಇರುತ್ತದೆ.

ಮೀನಿನ ಲೆಕ್ಕದಲ್ಲಿ ನಾನು ಸೋತಿದ್ದೇನೆಂದು ಒಪ್ಪಬೇಕು. 40 ಗಾಳಗಳಿಗೆ ಬೀಳುತ್ತಿದ್ದಷ್ಟು 25ಕ್ಕೆ ಬೀಳುವುದಿಲ್ಲ, ಹೋಗುವ ದಿನಗಳೂ ಕಡಿಮೆ. ದೋಣಿಯಲ್ಲಿ ಇನ್ನೊಬ್ಬರಿದ್ದು ಹುಟ್ಟು ಅವರ ಕೈಯಲ್ಲಿದ್ದರೆ ಕಟ್ಟಿದ ಗಾಳವನ್ನು ಈಗಲೂ ಮೇಲೆಂದೇ ಹೇಳುತ್ತೇನೆ. ಸೀಳು ಕೊರೆದ ಆ ಮರದ ಪೆಟ್ಟಿಗೆಯನ್ನು 40 ಗಾಳಗಳ ಸಮೇತ ಕೇರಿಯ ಆ ಹಿರಿಯರಿಗೇ ಕೊಟ್ಟೆ. ಅವರ ಪಾತಿ ದೋಣಿಯಲ್ಲಿ ಮಗನೂ ಇರುತ್ತಾನೆ.