ಮುಖಕ್ಕೆ ಪೆಟ್ಟು ಬಿದ್ದ ಮಗು ಕಣ್ಣನ್ನು ಮೇಲೆತ್ತುತ್ತದೆಯೇ ಎಂದು ಅಂದೇ ನೋಡಿ

ಹನ್ನೊಂದು ವರ್ಷದ ನನ್ನ ಮಗ ಕಬಡ್ಡಿ ಆಡುತ್ತಿದ್ದಾಗ ಜೊತೆಯ ಹುಡುಗನ ಮೊಣಕಾಲು ಅವನ ಎಡಗಣ್ಣಿಗೆ ಬಡಿಯಿತು. ರಕ್ತ ಬರಲಿಲ್ಲ, ಕಣ್ಣು ಕೆಂಪಾಗಲಿಲ್ಲ, ಊತವೂ ಅಷ್ಟಕ್ಕಷ್ಟೇ. ಆದರೆ ಸಂಜೆಯೊಳಗೆ ನಾಲ್ಕು ಸಲ ವಾಂತಿಯಾದದ್ದರಿಂದ ತಲೆಗೆ ಏಟಾಗಿರಬಹುದೆಂದು ಹೆದರಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಮಿದುಳಿನ ಸಿ.ಟಿ. ಸ್ಕ್ಯಾನ್ ಮಾಡಿಸಿ, ಏನೂ ತೊಂದರೆಯಿಲ್ಲವೆಂದು ಹೇಳಿ, ವಾಂತಿಗೆ ಔಷಧಿ ಕೊಟ್ಟು ಮರುದಿನ ಮನೆಗೆ ಕಳಿಸಿದರು. ನಾಡಿ ನಿಧಾನವಾಗಿದೆಯೆಂದು ನರ್ಸ್ ಒಬ್ಬರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅದಕ್ಕೂ ಕಣ್ಣಿಗೂ ನಂಟಿರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಐದನೆಯ ದಿನ ಗಂಟೆಯೆಷ್ಟೆಂದು ಕೇಳಿದಾಗ ಅವನು ಗೋಡೆಯ ಗಡಿಯಾರ ನೋಡಲು ಗದ್ದವನ್ನೆತ್ತಿ ಇಡೀ ತಲೆಯನ್ನೇ ಹಿಂದಕ್ಕೆ ಬಾಗಿಸಿದ. ಅನುಮಾನ ಬಂದು, ತಲೆ ಅಲುಗಾಡದಂತೆ ಹಿಡಿದುಕೊಂಡು ನನ್ನ ಬೆರಳನ್ನು ಮೇಲಕ್ಕೊಯ್ದೆ. ಬಲಗಣ್ಣು ಬೆರಳಿನೊಂದಿಗೆ ಏರಿತು, ಎಡಗಣ್ಣು ನಡುವಿನಲ್ಲೇ ನಿಂತಿತು. "ಅಪ್ಪಾ, ಎರಡೆರಡು ಬೆರಳು ಕಾಣ್ತಿದೆ" ಎಂದು ಅಳತೊಡಗಿದ.

ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕರೊಬ್ಬರು ಮುಖದ ಸ್ಕ್ಯಾನ್ ಮಾಡಿಸಿದ ಮೇಲೆ ನಿಜ ತಿಳಿಯಿತು. ಕಣ್ಣುಗುಳಿಯ ತಳದ ಮೂಳೆ ಬಹಳ ತೆಳುವಾದದ್ದು. ದೊಡ್ಡವರಲ್ಲಿ ಅದು ಪೆಟ್ಟಿಗೆ ಚೂರಾಗುತ್ತದೆ. ಮಕ್ಕಳಲ್ಲಿ ಹಸಿಕಡ್ಡಿಯಂತೆ ಬಾಗುವ ಗುಣ ಇರುವುದರಿಂದ, ಕದದಂತೆ ಒಮ್ಮೆ ಕೆಳಕ್ಕೆ ತೆರೆದು, ಕಣ್ಣನ್ನು ಆಡಿಸುವ ಕೆಳಸ್ನಾಯುವನ್ನು ಸಂದಿಯಲ್ಲಿ ಕಚ್ಚಿಕೊಂಡು ಹಿಂದಿನ ಜಾಗಕ್ಕೇ ಮರಳಿಬಿಡುತ್ತದೆ. ಆ ಎಳೆತವೇ ನರಗಳ ಮೂಲಕ ವಾಂತಿ ತರಿಸಿ ನಾಡಿಯನ್ನು ನಿಧಾನಗೊಳಿಸುತ್ತದೆ. ಹೊರಗೆ ಕಣ್ಣು ಬೆಳ್ಳಗೇ ಇರುವುದರಿಂದ ವೈದ್ಯರು ಇದನ್ನು 'ವೈಟ್ ಐಡ್ ಬ್ಲೋಔಟ್' ಎನ್ನುತ್ತಾರೆ. ಸಿಕ್ಕಿಕೊಂಡ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯದೆ ಅದು ಸಾಯತೊಡಗುವುದರಿಂದ 24ರಿಂದ 48 ಗಂಟೆಯೊಳಗೆ ಬಿಡಿಸಬೇಕು. ನಾವು ಹೋದದ್ದು ಆರನೆಯ ದಿನ.

ಕೆಳರೆಪ್ಪೆಯ ಒಳಗಿನಿಂದ ಕೊಯ್ದು ಸ್ನಾಯುವನ್ನು ಬಿಡಿಸಿ, ತಳಕ್ಕೆ ತೆಳುವಾದ ಹಾಳೆಯೊಂದನ್ನು ಇಟ್ಟರು. ಹೊರಗೆ ಗಾಯದ ಗುರುತೇ ಇಲ್ಲ. ಆದರೆ ಸ್ನಾಯುವಿನ ಒಂದು ಭಾಗ ಅಷ್ಟರಲ್ಲೇ ಗಡುಸಾಗಿತ್ತು.

ನಿಮ್ಮ ಮನೆಯ ಮಗುವಿಗೆ ಚೆಂಡೋ ಮೊಣಕೈಯೋ ಕಣ್ಣಿಗೆ ಬಡಿದು, ಆಮೇಲೆ ವಾಂತಿಯಾಗತೊಡಗಿದರೆ, ಮಿದುಳಿಗೆ ಏಟಾಗಿದೆಯೇ ಎಂದು ವೈದ್ಯರಿಗೆ ತೋರಿಸಲೇಬೇಕು, ಆದರೆ ಅದು ಸರಿಯಾಗಿದೆ ಎಂದ ಮಾತ್ರಕ್ಕೆ ಮನೆಗೆ ಹೊರಡಬೇಡಿ. ತಲೆ ಅಲುಗಿಸದೆ ಮೇಲೆ, ಕೆಳಗೆ ನೋಡಿಸಿ. ಒಂದು ಕಣ್ಣು ಹಿಂದೆ ಉಳಿದರೆ, ಎರಡೆರಡು ಕಾಣುತ್ತಿದೆ ಎಂದರೆ, ಕಣ್ಣುಗುಳಿಯ ತಳ ಕಾಣುವಂತೆ ತೆಳುಪದರಗಳ ಮುಖದ ಸ್ಕ್ಯಾನ್ ಬೇಕೆಂದು ಬಾಯಿಬಿಟ್ಟು ಕೇಳಿ. ಸಿಕ್ಕಿಕೊಂಡ ಸ್ನಾಯುವನ್ನು ಬಿಡಿಸಬಲ್ಲ ಶಸ್ತ್ರಚಿಕಿತ್ಸಕರು ಅಲ್ಲಿಲ್ಲದಿದ್ದರೆ ಆ ರಾತ್ರಿಯೇ ಬೇರೆ ಊರಿಗೆ ಹೊರಡಿ. ಜೋರಾಗಿ ಸಿಂಬಳ ತೆಗೆಯಲು ಮಾತ್ರ ಮಗುವನ್ನು ಬಿಡಬೇಡಿ, ಮುರಿದ ತಳದಿಂದ ಗಾಳಿ ಕಣ್ಣುಗುಳಿಗೆ ನುಗ್ಗುತ್ತದೆ.

ಎಂಟು ತಿಂಗಳಾದ ಮೇಲೆ ಈಗ ನೇರ ನೋಟದಲ್ಲಿ ಅವನಿಗೆ ಎಲ್ಲವೂ ಒಂದೇ ಆಗಿ ಕಾಣುತ್ತದೆ. ಮುಂದಿನ ಬೆಂಚಿನಿಂದ ಕಣ್ಣೆತ್ತಿ ನೋಡಿದರೆ ಕರಿಹಲಗೆಯ ಮೇಲ್ತುದಿಯ ಸಾಲು ಇನ್ನೂ ಎರಡಾಗುವುದರಿಂದ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಾನೆ.